ಮೂರನೇ ಮನೆಯಿಂದ ಬಂದ ಮೇಲೆ ನಿದ್ದೆ ಹೋಯಿತು

ಮಂಜುಳಾ ಅನ್ನೋದು ಅವರ ನಿಜವಾದ ಹೆಸರಲ್ಲ. ಊರು, ವಯಸ್ಸು, ಮನೆಯ ವಿವರ ಎಲ್ಲ ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಒಂದು ಕಡೆ "ಇದನ್ನ ತಗೀರಿ ಮೇಡಂ" ಅಂದರು, ತೆಗೆದಿದ್ದೇನೆ.

ವಿಜಯಪುರದಲ್ಲಿ ನಾನು ಆಪ್ತಸಲಹೆಗೆ ಕೂರುವ ಕೋಣೆಗೆ ಅವರು ಮೊದಲು ಬಂದದ್ದು ಗಂಡನ ಜೊತೆ. ವಯಸ್ಸು 31. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಎಂ.ಎ. ಮಾಡಿದವರು, ತಾಲ್ಲೂಕಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಿಎಚ್‌ಡಿಗೆ ನೋಂದಣಿಯಾಗಿ ಎಂಟು ತಿಂಗಳಾಗಿತ್ತು. ಕೋರ್ಸ್‌ವರ್ಕ್ ಮುಗಿದು ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪುರೇಷೆ, ಬರೆಯುವ ಹಂತ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬಸ್ಸಿನಲ್ಲಿ ಸುಮ್ನೆ ಅಳು ಬರುತ್ತಿತ್ತು. ಲ್ಯಾಪ್‌ಟಾಪ್ ತೆರೆದರೆ ಕೈ ತಣ್ಣಗಾಗುತ್ತಿತ್ತು.

ಮಾತೆಲ್ಲ ಗಂಡನೇ ಆಡಿದರು. "ಓದಿನ ಟೆನ್ಶನ್ ರೀ. ಮೂರು ವರ್ಷ ಹೆಂಗರ ಮಾಡಿ ತಡಕೊಂಡ್ಲು ಅಂದ್ರ ಮುಗೀತು. ಗಾಂಧಿ ಚೌಕದ ಹತ್ರ ನಮ್ಮ ದೋಸ್ತಂದು ಕಟ್ಟಡ ಏಳಾಕತ್ತೈತಿ. ಎರಡು ಖೋಲಿ ಹಿಡಿದಿಟ್ಟೀನಿ, ಅಡ್ವಾನ್ಸೂ ಕೊಟ್ಟೀನಿ. ಡಾಕ್ಟರ್ ಅಂತ ಬೋರ್ಡ್ ಹಾಕಿದ್ರ ಪೇಶಂಟ್ ತಾವಾಗೇ ಬರ್ತಾರ."

ಮಂಜುಳಾ ನೆಲ ನೋಡುತ್ತ ಕುಳಿತಿದ್ದರು.

ನಾನು ಇಲ್ಲಿ ತಪ್ಪಿದೆ. ಗಂಡ ಹೇಳಿದ್ದನ್ನೇ ನಂಬಿ ಓದಿನ ಒತ್ತಡ ಅಂದುಕೊಂಡೆ. ಎರಡು ಭೇಟಿ ಪೂರ್ತಿ ಉಸಿರಾಟದ ಅಭ್ಯಾಸ, ದಿನದ ವೇಳಾಪಟ್ಟಿ, ಮಲಗುವ ಮುಂಚೆ ಫೋನ್ ಬಿಡುವುದು, ಇದನ್ನೇ ಹೇಳಿದೆ. ಅವರು ಚಾಚೂ ತಪ್ಪದೆ ಮಾಡಿದರು. ಏನೂ ಉಪಯೋಗ ಆಗಲಿಲ್ಲ. "ಇದನ್ನ ನಾನೇ ನಮ್ಮ ಕಾಲೇಜಿನ ಹುಡುಗ್ಯಾರಿಗೆ ಕಲಸ್ತೀನ್ರಿ" ಅಂದರು, ನಕ್ಕು. ನನಗೆ ನಾಚಿಕೆಯಾಯಿತು.

ಮೂರನೇ ಸಲ ಒಬ್ಬರೇ ಬಂದರು. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ: ನಿದ್ದೆ ಹೋಗಿದ್ದು ಯಾವತ್ತು? ಎಷ್ಟೋ ಮಂದಿ "ಹಂಗೇ ಬರಬರುತ್ತ" ಅನ್ನುತ್ತಾರೆ. ಇವರು ತಡಮಾಡದೆ "ಕಾರ ಹುಣ್ಣಿವಿ ಮರುದಿನ" ಅಂದರು.

ಅವರ ಸಂಶೋಧನೆಯ ವಿಷಯ, ಸ್ಕಿಜೋಫ್ರೇನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ನೋಡಿಕೊಳ್ಳುವ ಮನೆಮಂದಿಯ ಮೇಲೆ ಬೀಳುವ ಹೊರೆ. ಪ್ರಶ್ನೆಗಳು ಸರಿ ಹೋಗುತ್ತವೋ ಇಲ್ಲವೋ ನೋಡೋಣ ಅಂತ ಪರಿಚಯದ ಮೂರು ಮನೆಗೆ ಹೋಗಿದ್ದರು. ಕಾರ ಹುಣ್ಣಿಮೆಯ ಮರುದಿನ ಹೋದದ್ದು ಮೂರನೇ ಮನೆಗೆ, ಸಿಂದಗಿ ಕಡೆ. ಮನೆಯ ಯಜಮಾನ ಮಾತಾಡುತ್ತಿದ್ದ. ಕಾಯಿಲೆ ಅವನ ಹೆಂಡತಿಗೆ. ಹನ್ನೆರಡು ವರ್ಷದ ಮಗಳು ಚಹಾ ಮಾಡಿ ತಂದು ಕೊಟ್ಟಳು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಒಲೆ ಹತ್ತಿರದ ಕಡ್ಡಿಪೆಟ್ಟಿಗೆ ತೆಗೆದು ಮೇಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು.

"ನಾನೂ ಅದನ್ನೇ ಮಾಡ್ತಿದ್ದೆ ರೀ. ಅದೇ ನಮೂನಿ ಡಬ್ಬಿ."

ಅಲ್ಲಿಂದ ಒಂದೂವರೆ ಗಂಟೆ ಅವರೇ ಮಾತಾಡಿದರು. ಅವರಿಗೆ ಒಂಬತ್ತು ವರ್ಷ ಇದ್ದಾಗ ಅವ್ವನಿಗೆ ಯಾರೋ ಕರೆದ ಹಾಗೆ, ಬೈದ ಹಾಗೆ ಕೇಳಿಸಲು ಶುರುವಾಯಿತು. ಒಮ್ಮೆ ಒಲೆ ಮುಂದೆ ಸೀರೆಗೆ ಬೆಂಕಿ ಹತ್ತಿತ್ತು. ಗುಡಿ ಆಯಿತು, ದರ್ಗಾ ಆಯಿತು, ತಾಯಿತ ಆಯಿತು. ಐದು ವರ್ಷ ಕಳೆದ ಮೇಲೆ ಸೋದರಮಾವ ಧಾರವಾಡಕ್ಕೆ ಕರೆದುಕೊಂಡು ಹೋದರು. ಈಗಿನ ಡಿಮ್ಹಾನ್ಸ್; ಊರವರ ಬಾಯಲ್ಲಿ ಹುಚ್ಚರ ದವಾಖಾನಿ. ಗುಳಿಗೆ ಶುರುವಾದ ಕೆಲವು ತಿಂಗಳಿಗೆ ಅವ್ವ ಒಂದು ಬೆಳಿಗ್ಗೆ ತಾನೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳಕ್ಕೆ ಎಚ್ಚರಾದ ಹುಡುಗಿ ಅವತ್ತೇ ಮನಸ್ಸಿನ ಡಾಕ್ಟರ್ ಆಗಬೇಕು ಅಂದುಕೊಂಡಿತು.

ಗಂಡನ ಮನೆಯಲ್ಲಿ ಇದು ಪೂರ್ತಿ ಗೊತ್ತಿಲ್ಲ. ತವರಿನಲ್ಲಿ ಅವ್ವ ತೆಗೆದುಕೊಳ್ಳುವುದು ತಲೆನೋವಿನ ಗುಳಿಗೆ ಅಂತ ತಿಳಿದಿದ್ದಾರೆ.

ನಮ್ಮ ಕೆಲಸದಲ್ಲಿರುವ ಕೆಲವರು ಸ್ವಂತ ಗಾಯದ ಮೇಲೆ ಪಿಎಚ್‌ಡಿ ಮಾಡಲೇಬಾರದು ಅನ್ನುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮನಃಶಾಸ್ತ್ರಕ್ಕೆ ಬರುವವರಲ್ಲಿ ಮನೆಯ ಯಾವುದೋ ಪ್ರಶ್ನೆ ಹೊತ್ತುಕೊಂಡು ಬಂದವರು ಕಮ್ಮಿಯೇನಿಲ್ಲ, ನಾನೂ ಹಾಗೇ ಬಂದವಳು. ಆದರೆ ವಿಷಯ ಇಷ್ಟ ಅನ್ನುವುದು ಬೇರೆ, ಆ ವಿಷಯ ದಿನಾ ಎಷ್ಟು ಹೊತ್ತು ಕಿವಿಯಲ್ಲಿರುತ್ತದೆ ಅನ್ನುವುದು ಬೇರೆ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಅವರು ಅಂದುಕೊಂಡಿದ್ದು 60 ಮನೆ. ಮನೆಗೆ ಒಂದು ಗಂಟೆ ಅಂತ ಹಿಡಿಯಿರಿ. ಒಂದು ಗಂಟೆಯ ಧ್ವನಿಯನ್ನು ಕೇಳಿ ಅಕ್ಷರಕ್ಕೆ ಇಳಿಸಲು ನಾಲ್ಕೈದು ಗಂಟೆ ಬೇಕು. ಆಮೇಲೆ ಅದನ್ನು ವಿಂಗಡಿಸಲು ಮತ್ತೆ ಮತ್ತೆ ಓದಬೇಕು. ಏನಿಲ್ಲ ಅಂದರೂ 300 ಗಂಟೆ. ಅಂದರೆ 300 ಗಂಟೆ ಆ ಕಡ್ಡಿಪೆಟ್ಟಿಗೆಯ ಅಡುಗೆಮನೆಯಲ್ಲಿ ಕೂರಬೇಕು.

ಆ ಅಂಕಿ ನೋಡಿ ಅವರು ನನ್ನ ಮುಂದೆ ಮೊದಲ ಸಲ ಅತ್ತರು.

ಪಿಎಚ್‌ಡಿ ಬಿಡಿ ಅಂತ ನಾನು ಹೇಳಲಿಲ್ಲ. ಸಂದರ್ಶನ ಮಾತ್ರ ಇವತ್ತಿನಿಂದ ಬಂದ್ ಅಂದೆ. ಎರಡು ವಾರದಲ್ಲಿ ನಿದ್ದೆ ತಿರುಗಿ ಬಾರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು ಅಂತಲೂ ಹೇಳಿದೆ. ಮನಃಶಾಸ್ತ್ರ ಓದಿದವರಿಗೆ ಈ ಮಾತು ಹೇಳುವುದೇ ಕಷ್ಟ, ತಾವು ಹೋಗಬೇಕಾದ ಜಾಗ ಅಲ್ಲ ಅಂದುಕೊಂಡಿರುತ್ತಾರೆ. ರಾತ್ರಿ ಮನಸ್ಸು ತೀರ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂದೆ. ಆ ಮೂರು ಮನೆಯ ಮಾತನ್ನು ಪ್ರಬಂಧಕ್ಕೆ ಬಳಸುವ ಹಾಗಿಲ್ಲ ಅಂತಲೂ ನೆನಪಿಸಿದೆ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲ, ಆ ಮಂದಿಯ ಸಹಿ ಇಲ್ಲ. "ಗೊತ್ತೈತ್ರಿ" ಅಂದರು, ತಲೆ ತಗ್ಗಿಸಿ.

ಇನ್ನು ಖೋಲಿಯ ವಿಚಾರ.

ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿ ರೋಗಿಗಳನ್ನು ನೋಡಲು ಬರುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 1992ರ ಕಾಯ್ದೆಯಿಂದ ಆದ ಪರಿಷತ್ತು ಅದು. ಆ ನೋಂದಣಿಗೆ ಅದು ಒಪ್ಪಿದ ಕೋರ್ಸ್ ಬೇಕು, ಆಸ್ಪತ್ರೆಯಲ್ಲಿ ಇದ್ದು ಕಲಿಯುವ ತರಬೇತಿ ಬೇಕು. ಇಷ್ಟು ವರ್ಷ ಮುಖ್ಯ ದಾರಿ ಅಂದರೆ ಡಿಮ್ಹಾನ್ಸ್, ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷದ ಎಂ.ಫಿಲ್. ಈಗ ಕೋರ್ಸುಗಳ ಹೆಸರು, ಸ್ವರೂಪ ಬದಲಾಗುತ್ತಿವೆ; ಫೀ ಕಟ್ಟುವ ಮುಂಚೆ ಪರಿಷತ್ತಿನ ಪಟ್ಟಿ ನೋಡಲೇಬೇಕು.

ಮಂಜುಳಾಗೆ ಇದೆಲ್ಲ ಮೊದಲೇ ಗೊತ್ತು. ಗಂಡನಿಗೆ ಹೇಳಿರಲಿಲ್ಲ ಅಷ್ಟೇ. ಮುಂದೆ ಕ್ಲಿನಿಕ್ ಆಗುತ್ತದೆ ಅನ್ನುವ ಮಾತಿನ ಮೇಲೆಯೇ ಮಾವ ಫೀ ಕೊಡಲು ಒಪ್ಪಿದ್ದರು. ರಾತ್ರಿ ಎರಡಕ್ಕೆ ಎಬ್ಬಿಸುತ್ತಿದ್ದದ್ದು ಒಂದೇ ಸಂಗತಿ ಅಲ್ಲ ಅಂತ ನನಗೆ ಆಗ ಗೊತ್ತಾಯಿತು.

ಅವರ ಒಪ್ಪಿಗೆ ಪಡೆದು ಗಂಡನನ್ನು ಕರೆಸಿದೆ. ಅವ್ವನ ವಿಷಯ ಎತ್ತಲಿಲ್ಲ. ಅದನ್ನು ಹೇಳುವುದು ಬಿಡುವುದು ಮಂಜುಳಾಗೆ ಸೇರಿದ್ದು. ಲೈಸೆನ್ಸಿನ ವಿಷಯ ಮಾತ್ರ ನೇರವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಅವರನ್ನ ಡಾಕ್ಟರ್ ಅಂತ ಯಾಕ ಕರೀತಾರ್ರಿ?" ಅಂದರು. ಸರಿಯಾದ ಪ್ರಶ್ನೆಯೇ, ಅಲ್ವಾ? ಆ ಪದವಿ ಹೊಸದೇನೋ ಹುಡುಕಿ ತೋರಿಸಿದ್ದಕ್ಕೆ ಕೊಡುವುದು, ಔಷಧಿಗೂ ಅದಕ್ಕೂ ಸಂಬಂಧವಿಲ್ಲ ಅಂದೆ. "ಮೂರು ವರ್ಷ ಹುಡುಕೋದ?" ಅಂದರು. ಮೂರು ಕನಿಷ್ಠ, ಆರರವರೆಗೂ ಹೋಗಬಹುದು, ಹೆಣ್ಣುಮಕ್ಕಳಿಗೆ ಅದರ ಮೇಲೆ ಎರಡು ವರ್ಷದವರೆಗೆ ಸಡಿಲಿಕೆ ಇದೆ ಅಂದಾಗ ಅವರ ಮುಖ ಸಣ್ಣಗಾಯಿತು. ನಡುವೆ ಕೂಸು ಬೇಕು ಅಂದರೆ 240 ದಿನದ ಹೆರಿಗೆ ರಜೆಯೂ ನಿಯಮದಲ್ಲೇ ಇದೆ ಅಂದೆ. ಅತ್ತೆಯವರ ದೊಡ್ಡ ಚಿಂತೆ ಅದೇ ಅಂತ ಮಂಜುಳಾ ಹೇಳಿದ್ದರು. ಈ ಒಂದು ಸಂಖ್ಯೆ ಮನೆಯಲ್ಲಿ ನನ್ನ ಎಲ್ಲ ಮಾತಿಗಿಂತ ಜಾಸ್ತಿ ಕೆಲಸ ಮಾಡಿತಂತೆ.

ದುಡ್ಡಿನ ಲೆಕ್ಕವನ್ನೂ ಬಿಚ್ಚಿಟ್ಟೆವು. 2024ರ ಜೂನ್‌ನಿಂದ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಫಲಿತಾಂಶದಲ್ಲಿ ಮೂರು ಬಗೆ ಇವೆ. ಇವರದು ಮೂರನೆಯದು, ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಮೊದಲ ಬಗೆಯವರಿಗೆ ಸಿಗುವ ತಿಂಗಳಿಗೆ 37,000 ರೂಪಾಯಿಯ ಸಂಶೋಧನಾ ವೇತನ, ಅಂದರೆ ಜೆಆರ್‌ಎಫ್ ಇವರಿಗಿಲ್ಲ. ಈ ಅಂಕದ ಮೇಲೆ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಹಾಕಲೂ ಬರುವುದಿಲ್ಲ. ಆದರೆ 2023ರ ಜುಲೈನಿಂದ ಆ ಹುದ್ದೆಗೆ ಪಿಎಚ್‌ಡಿ ಕಡ್ಡಾಯವೂ ಅಲ್ಲ. ನೆಟ್ ಇಲ್ಲವೇ ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾದರೆ ಸಾಕು. ಹಾಗಾಗಿ ಈ ವರ್ಷ ಕೆ-ಸೆಟ್ ಬರೆಯಿರಿ, ಅದನ್ನು ಪ್ರಬಂಧಕ್ಕಿಂತ ಮುಂದಿಡಿ ಅಂದೆ. ಸಂಬಳ ಮೊದಲು, ಸಂಶೋಧನೆ ಆಮೇಲೆ. ಆಪ್ತಸಲಹೆಗಾರರು ಇಂಥ ಮಾತು ಆಡಬಾರದು ಅನ್ನುವವರಿದ್ದಾರೆ. ಇರಲಿ.

ಗೈಡ್‌ಗೆ ಹೇಳುವುದನ್ನು ನನ್ನ ಕೋಣೆಯಲ್ಲೇ ಮೂರ್ನಾಲ್ಕು ಸಲ ಅಭ್ಯಾಸ ಮಾಡಿದೆವು. ಮೊದಲ ಸಲ ಹತ್ತು ನಿಮಿಷ, ತುಂಬ ಕ್ಷಮೆ. ಕೊನೆಗೆ ಉಳಿದದ್ದು ಇಷ್ಟು: "ಸರ್, ಈ ವಿಷಯ ನಮ್ಮ ಮನೀಗೆ ಭಾಳ ಹತ್ತಿರದ್ದು. ಸಂದರ್ಶನ ನನ್ನಿಂದ ಆಗಂಗಿಲ್ಲ. ವಿಷಯ ಬದಲಿಸಾಕ ಅವಕಾಶ ಕೊಡ್ರಿ." ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಗೈಡ್ ಬೈಯಲಿಲ್ಲ. ಸಿನಾಪ್ಸಿಸ್‌ಗಿಂತ ಮುಂಚೆ ಹೇಳಿದ್ದು ಚಲೋ ಆಯಿತು, ಮುಂದಿನ ಸಲಹಾ ಸಮಿತಿ ಸಭೆಯಲ್ಲಿ ಇಡೋಣ ಅಂದರಂತೆ.

ಹೊಸ ವಿಷಯ ನಾನು ಕೊಟ್ಟದ್ದಲ್ಲ. ಆ ಮೂರು ಮನೆಯ ನೋಟ್‌ಬುಕ್ ಎಸೆಯುವ ಮುಂಚೆ ಒಮ್ಮೆ ಜೋರಾಗಿ ಓದಿ ಅಂದೆ, ಅಷ್ಟೇ. ಓದುತ್ತ ಓದುತ್ತ ಅವರೇ ನಿಲ್ಲಿಸಿದರು. ಮೂರು ಮನೆಯಲ್ಲಿ ಒಬ್ಬರೂ ಖಿನ್ನತೆ ಅಂದಿರಲಿಲ್ಲ, ಒತ್ತಡ ಅಂದಿರಲಿಲ್ಲ. "ಜೀವಕ್ಕ ಸಮಾಧಾನಿಲ್ಲ", "ಎದಿ ಡವಡವ ಅಂತದ", "ತಲಿ ಗಿರ್ ಅಂತದ". ಇವರು ಕೈಯಲ್ಲಿ ಹಿಡಿದು ಹೋಗಿದ್ದ ಪ್ರಶ್ನಾವಳಿಯಲ್ಲಿ ಇದ್ದದ್ದು "ನಿಮಗೆ ಖಿನ್ನತೆಯ ಭಾವನೆ ಉಂಟಾಗುತ್ತದೆಯೇ?" ಅದಕ್ಕೆ ಮೂವರೂ "ಇಲ್ರಿ" ಅಂದಿದ್ದರು.

ಈಗ ಅವರ ಕೆಲಸ ಅದರ ಮೇಲೆಯೇ. ಈ ಭಾಗದ ಹೆಣ್ಣುಮಕ್ಕಳು ಸಂಕಟವನ್ನು ಹೇಳುವ ಮಾತುಗಳಲ್ಲಿ ಒಂದು ಅಳತೆ ಪಟ್ಟಿ ಕಟ್ಟುವುದು. ಎರಡು ವಾರ ಬಿಟ್ಟು ಮತ್ತೆ ಕೇಳಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೋ ನೋಡುವುದು. ಈಗಾಗಲೇ ಬಳಕೆಯಲ್ಲಿರುವ ಪಟ್ಟಿಯ ಜೊತೆ ಹೋಲಿಸುವುದು. ಕೇಳುವುದು ಸ್ವಸಹಾಯ ಸಂಘದ ಮಹಿಳೆಯರನ್ನು, ಕಾಯಿಲೆಯ ಮನೆಗಳನ್ನಲ್ಲ.

ಕೊನೆಯ ಭೇಟಿಗೆ ಬಂದಾಗ ಬೆಳಗಿನ ಐದರವರೆಗೆ ನಿದ್ದೆ ಬರುತ್ತಿತ್ತು. ಮನೋವೈದ್ಯರವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಅವ್ವನ ಗುಳಿಗೆ ಯಾವುದಕ್ಕೆ ಅಂತ ಗಂಡನಿಗೆ ಒಂದು ರಾತ್ರಿ ಹೇಳಿಬಿಟ್ಟಿದ್ದರು. ಅವರು ಏನಂದರು ಅನ್ನುವುದೇ ನಾನು ಇಲ್ಲಿಂದ ತೆಗೆದ ಸಾಲು. ಎದ್ದು ಹೊರಡುವಾಗ ಖೋಲಿ ಏನಾಯ್ತು ಅಂತ ಕೇಳಿದೆ.

"ಬಿಟ್ಟೇವ್ರಿ. ಆದ್ರ ಅಡ್ವಾನ್ಸ್ ಇನ್ನಾ ಕೈಗೆ ಬಂದಿಲ್ಲ, ನೋಡ್ರಿ."