ಲಕ್ಕವಳ್ಳಿಯ ಆ ಗೂಡು ಆಸ್ಪ್ರೇಯದ್ದಲ್ಲ

ಏಪ್ರಿಲ್‌ನಲ್ಲಿ ಭದ್ರಾ ಜಲಾಶಯದ ಲಕ್ಕವಳ್ಳಿ ಹಿನ್ನೀರಿನ ಮರದಲ್ಲಿ ಮರಿಗಳಿದ್ದ ಗೂಡು ನೋಡಿದೆ, ಅದು ಮೀನು ಹಿಡಿದು ತಿನ್ನುವ ಬೇಟೆಹಕ್ಕಿ ಆಸ್ಪ್ರೇಯದ್ದು ಅಂದಿದ್ದೀರಿ. ಅದು ಆಸ್ಪ್ರೇಯದ್ದಲ್ಲ. ಆಸ್ಪ್ರೇ ಮಲೆನಾಡಿಗೆ ಚಳಿಗಾಲದ ನೆಂಟ. ಅಕ್ಟೋಬರ್ ಹೊತ್ತಿಗೆ ಬಂದು, ಬೇಸಿಗೆ ಶುರುವಾಗುತ್ತಿದ್ದ ಹಾಗೆ ಹೊರಡುತ್ತದೆ. ಗೂಡು, ಸಂಸಾರ ಎಲ್ಲ ಉತ್ತರದ ತಂಪು ನಾಡಿನಲ್ಲಿ. ನೀವು ನೋಡಿದ್ದು ಬಹುಶಃ ಗರುಡ (ಬ್ರಾಹ್ಮಿಣಿ ಕೈಟ್). ಮೈ ಕಂದು, ತಲೆ ಬಿಳಿ ಅಂದಿದ್ದೀರಲ್ಲ, ಅದೇ ಗುರುತು. ಫೋಟೋ ಇಲ್ಲದೆ ಪೂರ್ತಿ ಖಚಿತವಾಗಿ ಹೇಳಲಾರೆ.

ಇನ್ನೊಮ್ಮೆ ಹೋದಾಗ ಮೊದಲು ಹೊಟ್ಟೆ ನೋಡಿ. ಆಸ್ಪ್ರೇಯದು ಬಿಳಿ, ಗರುಡನದು ಇಟ್ಟಿಗೆ ಬಣ್ಣ. ಆಮೇಲೆ ಕಣ್ಣು: ಆಸ್ಪ್ರೇಗೆ ಕಾಡಿಗೆ ತೀಡಿದ ಹಾಗೆ ಕಣ್ಣಿಂದ ಕತ್ತಿನವರೆಗೆ ಗಾಢ ಪಟ್ಟೆ. ಅಲ್ಲೂ ಗೊಂದಲವಾದರೆ ಬೇಟೆ ನೋಡಿ. ಗರುಡ ನೀರಿನ ಮೇಲ್ಮೈಯಿಂದ ಸುಮ್ನೆ ಎತ್ತಿಕೊಂಡು ಹೋಗುತ್ತದೆ. ಆಸ್ಪ್ರೇ ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು, ಕಾಲು ಮುಂದೆ ಚಾಚಿ ಧೊಪ್ ಅಂತ ಬೀಳುತ್ತದೆ. ಮೇಲೆದ್ದ ಮೇಲೆ ಒದ್ದೆ ನಾಯಿ ಥರ ಮೈ ಕೊಡವಿ, ಮೀನಿನ ತಲೆ ಮುಂದೆ ಬರುವ ಹಾಗೆ ತಿರುಗಿಸಿ ಹಿಡಿದು ಹಾರುತ್ತದೆ. ಒಮ್ಮೆ ನೋಡಿದರೆ ಸಾಕು, ಮತ್ತೆ ತಪ್ಪುವುದಿಲ್ಲ.

ಬೂದು ತಲೆ, ಬಿಳಿ ಬಾಲದ ತುದಿಗೆ ಕಪ್ಪು ಪಟ್ಟಿ ಇದ್ದರೆ ಅದು ಬೂದು ತಲೆಯ ಮೀನು ಹದ್ದು. ಅದೂ ನೀರಿನ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತದೆ. ಮರಿ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಗರುಡನ ಮರಿಯೂ ಬರೀ ಕಂದು.

ದೊಡ್ಡ ಹಕ್ಕಿ ಗೂಡು ಬಿಟ್ಟೆದ್ದು ಕೂಗಿದರೆ ನೀವು ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ, ಬೋಟ್ ಹಿಂದಕ್ಕೆ ತೆಗೆಸಿ. ಆಸ್ಪ್ರೇಯನ್ನೇ ನೋಡಬೇಕಿದ್ದರೆ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಬೋಟ್ ಸಫಾರಿಗೆ ಹೋಗಿ. ನೀರಲ್ಲಿ ನಿಂತ ಒಣಮರಗಳ ತುದಿಯನ್ನು ಒಂದೊಂದಾಗಿ ನೋಡುತ್ತಾ ಬನ್ನಿ.