ಮೆಮೊರಿ ಕಂಪನಿಯ ಸಂದರ್ಶನಕ್ಕೆ ಮುನ್ನ ಅದರ ನಾಯಕತ್ವ ತಂಡದ ಬಗ್ಗೆ ಏನು ತಿಳಿದಿರಬೇಕು?

ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾ ಮೆಮೊರಿ ಚಿಪ್ ಕಂಪನಿ ಮೈಕ್ರಾನ್‌ನ ಸಂದರ್ಶನಕ್ಕೆ ತಯಾರಾಗುತ್ತಿರುವ ನೀವು ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಯಾವ ನಿರ್ಧಾರ ಯಾರ ಕೈಯಲ್ಲಿದೆ ಎಂಬುದನ್ನು ಅರ್ಥಮಾಡಿಕೊಳ್ಳಿ.

ಸಿಇಒ ಸಂಜಯ್ ಮೆಹ್ರೋತ್ರಾ ಕಾನ್ಪುರದಲ್ಲಿ ಹುಟ್ಟಿದವರು. 1988ರಲ್ಲಿ ಫ್ಲ್ಯಾಶ್ ಮೆಮೊರಿ ಕಂಪನಿ ಸ್ಯಾನ್‌ಡಿಸ್ಕ್ ಕಟ್ಟಿದ ಮೂವರಲ್ಲಿ ಒಬ್ಬರು, 2017ರಲ್ಲಿ ಮೈಕ್ರಾನ್‌ಗೆ ಬಂದರು. ಚಿಪ್ ವಿನ್ಯಾಸದಿಂದಲೇ ಮೇಲೆ ಬಂದ ಎಂಜಿನಿಯರ್ ಎನ್ನುವುದು ಇಲ್ಲಿ ಮುಖ್ಯ.

ಈ ಉದ್ಯಮದಲ್ಲಿ ಹಣಕಾಸು ಮುಖ್ಯಸ್ಥರು, ಅಂದರೆ ಸಿಎಫ್‌ಒ, ತಂತ್ರಜ್ಞರಷ್ಟೇ ತೂಕದವರು. ಅಡಿಕೆ ಧಾರಣೆ ಏರಿತೆಂದು ಇವತ್ತು ಸಸಿ ನೆಟ್ಟರೆ ಫಸಲು ಬರಲು ವರ್ಷಗಳೇ ಬೇಕು, ಅಷ್ಟರಲ್ಲಿ ಧಾರಣೆ ಎಲ್ಲಿರುತ್ತದೋ! ಡಿರ್‍ಯಾಮ್ ಮತ್ತು ನ್ಯಾಂಡ್ ಎಂಬ ಮೆಮೊರಿ ಚಿಪ್‌ಗಳ ಕಾರ್ಖಾನೆಗಳದ್ದೂ ಅದೇ ಕಥೆ. ಬೇಡಿಕೆ ಕುಸಿದರೂ ಯಂತ್ರಗಳ ಸವಕಳಿ ವೆಚ್ಚ ನಿಲ್ಲುವುದಿಲ್ಲ. 2023ರ ಹಣಕಾಸು ವರ್ಷದಲ್ಲಿ ಮೈಕ್ರಾನ್ ಸುಮಾರು 5.8 ಶತಕೋಟಿ ಡಾಲರ್ ನಷ್ಟ ತೋರಿಸಿದ್ದು ಇಂಥ ಕುಸಿತದಲ್ಲೇ. ಆಗ ಯಾವ ಹೂಡಿಕೆ ಕಡಿತ ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಸಿಇಒ, ಸಿಎಫ್‌ಒ, ತಂತ್ರಜ್ಞಾನ ಮತ್ತು ಉತ್ಪಾದನಾ ಮುಖ್ಯಸ್ಥರು ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ.

ಹಲವರು ಎಡವುವುದು ಎರಡು ಕಡೆ. ನಿರ್ದೇಶಕ ಮಂಡಳಿಯನ್ನೂ ಕಾರ್ಯನಿರ್ವಾಹಕ ತಂಡವನ್ನೂ ಒಂದೇ ಎಂದುಕೊಳ್ಳುತ್ತಾರೆ: ಮಂಡಳಿ ಸಿಇಒನನ್ನು ನೇಮಿಸುತ್ತದೆ, ದಿನನಿತ್ಯದ ಆಡಳಿತ ತಂಡದ್ದು. ಇನ್ನೊಂದು, ಹಳೆಯ ನೋಟ್ಸ್ ನಂಬುವುದು. ವೆಸ್ಟರ್ನ್ ಡಿಜಿಟಲ್‌ನಿಂದ ಸ್ಯಾನ್‌ಡಿಸ್ಕ್ 2025ರ ಫೆಬ್ರವರಿಯಲ್ಲಿ ಬೇರೆಯಾದಾಗ ಸಿಇಒ ಡೇವಿಡ್ ಗೆಕೆಲರ್ ಸ್ಯಾನ್‌ಡಿಸ್ಕ್ ಕಡೆ ಹೋದರು, ಹಾರ್ಡ್ ಡಿಸ್ಕ್ ಕಂಪನಿಯಾಗಿ ಉಳಿದ ವೆಸ್ಟರ್ನ್ ಡಿಜಿಟಲ್‌ಗೆ ಅರ್ವಿಂಗ್ ಟಾನ್ ಬಂದರು. ಹೆಸರು, ಹುದ್ದೆಗಳನ್ನು ಕಂಪನಿಯ ಇತ್ತೀಚಿನ ವಾರ್ಷಿಕ ವರದಿಯಲ್ಲೇ ನೋಡಿಕೊಳ್ಳಿ. ಮೈಕ್ರಾನ್‌ನ ಹಣಕಾಸು ವರ್ಷ ಮುಗಿಯುವುದು ಮಾರ್ಚ್‌ಗಲ್ಲ, ಆಗಸ್ಟ್ ಕೊನೆಯ ಆಸುಪಾಸಿಗೆ.