ಎರಡು ತಿಂಗಳ ಮರಿ ಕ್ರೇಟ್‌ನಲ್ಲಿ (ಕಂಬಿಯ ಗೂಡಲ್ಲಿ) ರಾತ್ರಿಯಿಡೀ ಅಳುತ್ತೆ, ಮನೆಯ ದೊಡ್ಡ ನಾಯಿ ಅದನ್ನ ಕಂಡ್ರೆ ಗುರ್ ಅನ್ನುತ್ತೆ. ಏನು ಮಾಡಲಿ? (ಕಲಬುರಗಿ)

ಕ್ರೇಟನ್ನು ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ದೊಡ್ಡ ನಾಯಿಗೆ ಮೊದಲು ಮರಿಯ ವಾಸನೆ ಮಾತ್ರ ಸಿಗಲಿ, ಭೇಟಿ ಆಮೇಲೆ.

ಮೊನ್ನೆವರೆಗೆ ತಾಯಿಯ ಹೊಟ್ಟೆಗೆ ಅಂಟಿಕೊಂಡು, ಒಡಹುಟ್ಟಿದವರ ಮೇಲೆ ಬಿದ್ದು ಮಲಗುತ್ತಿದ್ದ ಜೀವ ಅದು. ಒಂಟಿಯಾದರೆ ಹೆದರಿ ಅಳುತ್ತೆ. ನಿಮ್ಮ ಉಸಿರು ಕೇಳಿಸಿದರೆ, ಕಂಬಿಯ ಸಂದಿನಲ್ಲಿ ಬೆರಳು ಸಿಕ್ಕರೆ ಮೆಲ್ಲಗೆ ಸಮಾಧಾನವಾಗುತ್ತೆ. ಹಗಲು ಬಾಗಿಲು ತೆರೆದಿಟ್ಟು ಊಟ ಅಲ್ಲೇ ಕೊಡಿ. ಶಿಕ್ಷೆ ಅಂತ ಒಳಗೆ ಹಾಕಲೇಬೇಡಿ. ಮಲಗುವ ಜಾಗ ಗಲೀಜು ಮಾಡೋದು ನಾಯಿಗೆ ಇಷ್ಟವಿಲ್ಲ, ನಿಜ. ಆದರೆ ಈ ವಯಸ್ಸಿನ ಮರಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆಯಲಾರದು. ರಾತ್ರಿ ಅಲಾರಾಂ ಇಟ್ಟು ಎದ್ದು ಅಂಗಳಕ್ಕೋ ಮಾಳಿಗೆಗೋ ಕರೆದೊಯ್ಯಿರಿ.

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ ಅಲ್ವಾ, ಹಗಲು ಕ್ರೇಟ್ ತಗಡಿನ ಕೆಳಗೆ ಬೇಡ. ಶಹಾಬಾದ್ ಕಲ್ಲಿನ ತಣ್ಣನೆ ನೆಲದ ಮೇಲೆ, ಫ್ಯಾನ್ ಗಾಳಿ ತಾಗುವಲ್ಲಿ ಇಡಿ.

ದೊಡ್ಡ ನಾಯಿಗೆ ಮನೆ ತನ್ನದು, ಮರಿ ಹೊರಗಿನದು. ಮರಿ ಮಲಗಿದ ಬಟ್ಟೆಯನ್ನು ಎರಡು ಮೂರು ದಿನ ಅದರ ಹತ್ತಿರ ಇಡಿ, ಮೂಸಲಿ. ಆಮೇಲೆ ಸಂಜೆ ಮಾಳಿಗೆ ಮೇಲೆ, ಇಬ್ಬರು ಒಂದೊಂದು ಬೆಲ್ಟ್ ಹಿಡಿದು, ಸ್ವಲ್ಪ ದೂರದಲ್ಲಿ ಜೊತೆಜೊತೆಗೆ ನಡೆಸಿ. ಲಸಿಕೆ ಪೂರ್ತಿ ಆಗೋವರೆಗೆ ಮರಿಯನ್ನು ಬೀದಿಗೆ ಇಳಿಸಬೇಡಿ, ಪಾರ್ವೋ ರೋಗ ಮರಿಗಳ ಜೀವ ತೆಗೆಯುತ್ತೆ. ಊಟದ ತಟ್ಟೆ ಬೇರೆ ಬೇರೆ ಕೋಣೆಯಲ್ಲಿರಲಿ.

ಗುರ್ ಅಂದರೆ ಬೈಯಬೇಡಿ. ‘ದೂರ ಇರು’ ಅಂತ ಅದು ಹೇಳುವ ರೀತಿ ಅದು. ಆ ಎಚ್ಚರಿಕೆಯನ್ನೇ ಅಡಗಿಸಿದರೆ ಮುಂದೆ ಸುಳಿವೇ ಕೊಡದೆ ಕಚ್ಚಬಹುದು. ಸುಮ್ನೆ ಮರಿಯನ್ನು ಎತ್ತಿಕೊಂಡು ದೂರ ಸರಿಯಿರಿ, ನಾಳೆ ಮತ್ತೆ ಪ್ರಯತ್ನಿಸಿ.